ನಿಯಮದ ಪಕ್ಕದಲ್ಲೇ ನೆರವು: ಪದವಿಗೆ ಹೋಗಲಿರುವ ಮಕ್ಕಳಿಗೆ ಎರಡು ಅವಧಿಯ ಮಾರ್ಗದರ್ಶನ ಪಾಠ

ಈ ಪಾಠದ ಅಗತ್ಯ

ಯಾವುದೇ ಪದವಿ ಕಾಲೇಜಿನ ಪ್ರವೇಶ ಪುಸ್ತಿಕೆಯನ್ನು ತೆರೆದರೆ ಎರಡು ಬಗೆಯ ಮಾತುಗಳು ಕಾಣುತ್ತವೆ. ಶೇ. 75 ಹಾಜರಾತಿ ಕಡ್ಡಾಯ, ಗುರುತಿನ ಚೀಟಿ ಧರಿಸಿರಬೇಕು, ರ‍್ಯಾಗಿಂಗ್ ಶಿಕ್ಷಾರ್ಹ, ಪರೀಕ್ಷೆಯಲ್ಲಿ ನಕಲು ಮಾಡಿದರೆ ಡಿಬಾರ್ ಎಂಬ ಸೂಚನೆಗಳು ಒಂದು ಕಡೆ. ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯ, ಆಪ್ತಸಮಾಲೋಚನೆ, ಕುಂದುಕೊರತೆ ಸಮಿತಿಗಳ ಮಾಹಿತಿ ಇನ್ನೊಂದು ಕಡೆ. ಮೊದಲನೆಯದನ್ನು ಕಾಲೇಜು ಶುರುವಾದ ದಿನವೇ ಮೈಕಿನಲ್ಲಿ ಓದಿ ಹೇಳುತ್ತಾರೆ. ಎರಡನೆಯದನ್ನು ವಿದ್ಯಾರ್ಥಿಯೇ ಹುಡುಕಿಕೊಳ್ಳಬೇಕು.

ಅಪ್ಪ ಅಮ್ಮ ಓದಿದವರಾಗಿದ್ದರೆ, ಅಕ್ಕನೋ ಅಣ್ಣನೋ ಮೊದಲೇ ಪದವಿ ಮುಗಿಸಿದ್ದರೆ ಆ ಹುಡುಕಾಟ ಸುಲಭ. ಅರಸೀಕೆರೆ, ಬೇಲೂರು, ಹಳೇಬೀಡಿನ ಸುತ್ತಮುತ್ತಲ ಹಳ್ಳಿಗಳಿಂದ ಬರುವ ಅನೇಕ ಮಕ್ಕಳು ಆಯಾ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತುವ ಮೊದಲಿಗರು. ಅವರ ಕಿವಿಗೆ ಬೀಳುವುದು ನಿಯಮ ಮಾತ್ರ. ಹಾಜರಾತಿ ಕಡಿಮೆಯಾದಾಗ, ಶುಲ್ಕ ಕಟ್ಟಲಾಗದಾಗ, ಯಾರೋ ಹೀಯಾಳಿಸಿದಾಗ ಅವರು ಕೇಳುವುದಿಲ್ಲ, ಸದ್ದಿಲ್ಲದೆ ಕಾಲೇಜು ಬಿಡುತ್ತಾರೆ. ನಿಯಮವನ್ನೂ ಅದಕ್ಕೆ ಸಂಬಂಧಿಸಿದ ನೆರವನ್ನೂ ಬೇರೆ ಬೇರೆ ದಿನ, ಬೇರೆ ಬೇರೆ ಬಾಯಿಂದ ಹೇಳದೆ ಒಂದೇ ಪಾಠದಲ್ಲಿ ಜೋಡಿಯಾಗಿ ಕಲಿಸಬೇಕು ಎಂಬುದು ಈ ಲೇಖನದ ವಾದ. ಇಂಟರ್ನ್‌ಶಿಪ್ ಅವಧಿಯಲ್ಲಿ ಹಾಗೆ ಕಲಿಸಿದ ಪಾಠವೊಂದರ ವಿವರ ಇಲ್ಲಿದೆ.

ಹಿನ್ನೆಲೆ ಮತ್ತು ಕಲಿಕಾ ಫಲಗಳು

ನನಗೆ ಅಭ್ಯಾಸ ಬೋಧನೆಗೆ ದೊರೆತದ್ದು ಹಳೇಬೀಡು ಭಾಗದ ಒಂದು ಸಂಯುಕ್ತ ಪದವಿಪೂರ್ವ ಕಾಲೇಜಿನ ಪ್ರೌಢಶಾಲಾ ವಿಭಾಗ. 8 ಮತ್ತು 9ನೇ ತರಗತಿಗಳಿಗೆ ವಿಜ್ಞಾನ, ಗಣಿತ ತೆಗೆದುಕೊಳ್ಳುತ್ತಿದ್ದೆ. ದ್ವಿತೀಯ ಪಿಯುಸಿ ಮಕ್ಕಳಿಗೆ ಮುಂದಿನ ಓದಿನ ಬಗ್ಗೆ ಎರಡು ಅವಧಿ ಮಾತನಾಡುವಂತೆ ಪ್ರಾಂಶುಪಾಲರು ಸೂಚಿಸಿದರು. ಯಾವ ಕೋರ್ಸು ಒಳ್ಳೆಯದು ಎಂಬ ಭಾಷಣ ಅವರಿಗೆ ಈಗಾಗಲೇ ಸಾಕಷ್ಟು ಸಿಕ್ಕಿತ್ತು. ಆದ್ದರಿಂದ ಸೀಟು ಸಿಕ್ಕ ಮೇಲೆ ಅಲ್ಲಿ ಉಳಿದುಕೊಳ್ಳುವುದು ಹೇಗೆ ಎಂಬುದನ್ನೇ ವಿಷಯವಾಗಿ ಆರಿಸಿಕೊಂಡು, ಮಾರ್ಗದರ್ಶಕ ಉಪನ್ಯಾಸಕರ ಒಪ್ಪಿಗೆ ಪಡೆದು, ನಾವು ಬಳಸುವ 5ಇ ಮಾದರಿಯಲ್ಲೇ ಪಾಠ ಯೋಜನೆ ಬರೆದೆ.

ಕಲಿಕಾ ಫಲಗಳು ಮೂರು. ವಿದ್ಯಾರ್ಥಿಯು, 1) ಪದವಿ ಕಾಲೇಜಿನ ಐದು ಮುಖ್ಯ ನಡವಳಿಕೆ ನಿಯಮಗಳನ್ನು ಹೇಳಿ ಅವುಗಳ ಕಾರಣ ವಿವರಿಸುವನು/ಳು, 2) ಪ್ರತಿ ನಿಯಮಕ್ಕೂ ಸಂಬಂಧಿಸಿದ ನೆರವಿನ ವ್ಯವಸ್ಥೆಯನ್ನು ಗುರುತಿಸುವನು/ಳು, 3) ದಿನಾಂಕ ಸಹಿತ ಅರ್ಜಿಯೊಂದನ್ನು ಸ್ವತಃ ಬರೆಯುವನು/ಳು.

ತೊಡಗಿಸಿಕೊಳ್ಳುವಿಕೆ

ಪೀಠಿಕೆಗೆ ಮಕ್ಕಳ ಕಣ್ಣೆದುರಿನ ಹೊಯ್ಸಳೇಶ್ವರ ದೇವಾಲಯವನ್ನೇ ತೆಗೆದುಕೊಂಡೆ. ಬೇಲೂರು, ಸೋಮನಾಥಪುರಗಳ ದೇವಾಲಯಗಳ ಜೊತೆ ಅದು 2023ರ ಸೆಪ್ಟೆಂಬರ್‌ನಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದು ಎಲ್ಲರಿಗೂ ಗೊತ್ತಿತ್ತು. "ದೇವಸ್ಥಾನದಲ್ಲಿ ಏನು ಮಾಡಬಾರದು?" ಎಂದೆ. ಚಪ್ಪಲಿ ಹಾಕಬಾರದು, ಶಿಲ್ಪದ ಮೇಲೆ ಹೆಸರು ಕೆತ್ತಬಾರದು, ಕಸ ಹಾಕಬಾರದು ಎಂಬ ಉತ್ತರಗಳು ಸಾಲುಸಾಲಾಗಿ ಬಂದವು. "ಬಂದವರಿಗೆ ಅಲ್ಲಿ ಏನೇನು ಅನುಕೂಲ ಇದೆ?" ಎಂದಾಗ ಸ್ವಲ್ಪ ಹೊತ್ತು ಮೌನ. ಬಳಿಕ ಒಬ್ಬೊಬ್ಬರಾಗಿ ಚಪ್ಪಲಿ ಇಡುವ ಜಾಗ, ಕುಡಿಯುವ ನೀರು, ಗೈಡು, ಆವರಣದ ವಸ್ತುಸಂಗ್ರಹಾಲಯ ಎಂದರು.

"ಚಪ್ಪಲಿ ಬಿಡಿ ಎನ್ನುವ ನಿಯಮ, ಬಿಡುವುದಕ್ಕೊಂದು ಜಾಗ. ಜಾಗವೇ ಇಲ್ಲದಿದ್ದರೆ?" ಎಂದು ಕೇಳಿದೆ. "ಕಳ್ದೋಗುತ್ತೆ ಅಂತ ಯಾರೂ ಬಿಡಲ್ಲ ಮಿಸ್" ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು. ಪಾಠದ ತಿರುಳು ಆ ಮಾತಿನಲ್ಲೇ ಇತ್ತು. ನಿಯಮ ಪಾಲಿಸಲು ಬೇಕಾದ ಅನುಕೂಲ ಗೊತ್ತಿಲ್ಲದವರಿಗೆ ನಿಯಮ ಬರೀ ಹೆದರಿಕೆಯಾಗುತ್ತದೆ.

ಪರಿಶೋಧನೆ

ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು ಹೆಸರು ಹಾಕದೆ ಎರಡು ಪ್ರಶ್ನೆಗಳಿಗೆ ಉತ್ತರ ಬರೆಯಿಸಿದೆ. ಡಿಗ್ರಿ ಕಾಲೇಜಿನಲ್ಲಿ ಯಾವುದಕ್ಕೆ ಶಿಕ್ಷೆ ಕೊಡುತ್ತಾರೆ? ಅಲ್ಲಿ ಕಷ್ಟ ಬಂದರೆ ಯಾರ ಹತ್ತಿರ ಹೋಗುತ್ತೀರಿ? ಮೊದಲ ಪ್ರಶ್ನೆಗೆ ಚೀಟಿಗಳು ತುಂಬಿದ್ದವು. ಎರಡನೆಯದಕ್ಕೆ ಹೆಚ್ಚಿನವರು "ಫ್ರೆಂಡ್ಸ್" ಎಂದಷ್ಟೇ ಬರೆದಿದ್ದರು. "ಯಾರಿಗೂ ಹೇಳಲ್ಲ" ಎಂಬುದೂ ಇತ್ತು. ಒಂದು ಚೀಟಿಯಲ್ಲಿ "ಮನೆಗೆ ವಾಪಸ್ ಬರ್ತೀನಿ" ಎಂದಿತ್ತು.

ಕಪ್ಪುಹಲಗೆಯ ಮಧ್ಯೆ ಉದ್ದಗೆರೆ ಎಳೆದು ಎಡಕ್ಕೆ 'ನಾವು ಪಾಲಿಸಬೇಕಾದದ್ದು', ಬಲಕ್ಕೆ 'ನಮಗೆ ಸಿಗಬೇಕಾದದ್ದು' ಎಂದು ಬರೆದೆ. ವಿಜ್ಞಾನದ ಮಕ್ಕಳಾದ್ದರಿಂದ ರಾಸಾಯನಿಕ ಸಮೀಕರಣವನ್ನು ನೆನಪಿಸಿದೆ. ಒಂದು ಬದಿ ಮಾತ್ರ ಬರೆದರೆ ಅದು ಸಮೀಕರಣವಲ್ಲ, ಎರಡೂ ಬದಿ ಸರಿತೂಗಬೇಕು. ಚೀಟಿಗಳ ಉತ್ತರವನ್ನು ಹಲಗೆಗೆ ಇಳಿಸಿದಾಗ ಎಡಬದಿ ತುಂಬಿತು, ಬಲಬದಿ ಬಹುತೇಕ ಖಾಲಿ ಉಳಿಯಿತು. ಆ ಖಾಲಿ ಜಾಗವನ್ನು ತುಂಬುವುದೇ ಉಳಿದ ಪಾಠದ ಕೆಲಸವಾಯಿತು.

ವಿವರಣೆ: ಐದು ಜೋಡಿಗಳು

ಮೊದಲ ಜೋಡಿ, ಹಾಜರಾತಿ ಮತ್ತು ಪ್ರಯಾಣ. ಶೇ. 75 ಎಂಬುದನ್ನು ಲೆಕ್ಕವಾಗಿ ಬಿಡಿಸಿದೆವು. ಒಂದು ಪತ್ರಿಕೆಗೆ ಸೆಮಿಸ್ಟರ್‌ನಲ್ಲಿ 60 ತರಗತಿ ನಡೆದರೆ 45ಕ್ಕೆ ಹಾಜರಿರಲೇಬೇಕು, ತಪ್ಪಿಸಿಕೊಳ್ಳಬಹುದಾದದ್ದು 15. ವಾರಕ್ಕೊಂದು ದಿನ ಮೊದಲ ಬಸ್ಸು ತಪ್ಪಿದರೂ ಆ 15 ಬೇಗ ಖರ್ಚಾಗುತ್ತದೆ ಎಂಬುದು ಮಕ್ಕಳಿಗೆ ತಟ್ಟನೆ ಹೊಳೆಯಿತು. ಬಲಬದಿಗೆ ಬರೆದದ್ದು: ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಉಚಿತ ಪ್ರಯಾಣ, ಹುಡುಗರಿಗೆ ಸೇವಾ ಸಿಂಧು ಮೂಲಕ ಅರ್ಜಿ ಹಾಕಿ ಪಡೆಯುವ ರಿಯಾಯಿತಿ ಪಾಸು, ಬಸ್ಸಿನ ಸಮಯ ಹೊಂದದಿದ್ದರೆ ವಿದ್ಯಾರ್ಥಿಗಳು ಒಟ್ಟಾಗಿ ಪ್ರಾಂಶುಪಾಲರ ಮೂಲಕ ಡಿಪೋ ವ್ಯವಸ್ಥಾಪಕರಿಗೆ ಪತ್ರ, ಕಾಯಿಲೆ ಬಿದ್ದರೆ ವೈದ್ಯಕೀಯ ಪ್ರಮಾಣಪತ್ರವನ್ನು ಸೆಮಿಸ್ಟರ್ ಕೊನೆಗಲ್ಲ, ವಾಪಸಾದ ದಿನವೇ ಕೊಡುವುದು.

ಎರಡನೆಯ ಜೋಡಿ, ಶುಲ್ಕ ಮತ್ತು ವಿದ್ಯಾರ್ಥಿವೇತನ. ಶುಲ್ಕವನ್ನು ಗಡುವಿನೊಳಗೆ ಕಟ್ಟಬೇಕೆಂಬುದು ನಿಯಮ. ಅದರ ಎದುರಿಗೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಆದ ಎಸ್‌ಎಸ್‌ಪಿ, ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳು, ನಿಲಯದಲ್ಲಿ ಜಾಗ ಸಿಗದ ಹಿಂದುಳಿದ ವರ್ಗದ ಅರ್ಹ ವಿದ್ಯಾರ್ಥಿಗಳಿಗೆ ಊಟ ವಸತಿಗಾಗಿ 10 ತಿಂಗಳು ಹಣದ ನೆರವು ದೊರೆಯುವ ವಿದ್ಯಾಸಿರಿ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮುಂಚಿತವಾಗಿ ಪಡೆದಿರಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಈ ಎರಡು ಕೆಲಸ ಪಿಯುಸಿ ಮುಗಿದ ರಜೆಯಲ್ಲೇ ಆಗುವಂಥವು. ಇನ್ನೊಂದು ಮಾತು ಮಕ್ಕಳಿಗೆ ಹೊಸದಾಗಿತ್ತು. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2018ರಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ ಕಾಲೇಜು ಮೂಲ ಅಂಕಪಟ್ಟಿ, ಪ್ರಮಾಣಪತ್ರಗಳನ್ನು ಪರಿಶೀಲಿಸಿ ಹಿಂತಿರುಗಿಸಬೇಕು, ಇಟ್ಟುಕೊಳ್ಳುವಂತಿಲ್ಲ.

ಮೂರನೆಯ ಜೋಡಿ, ರ‍್ಯಾಗಿಂಗ್ ನಿಷೇಧ ಮತ್ತು ರಕ್ಷಣೆ. ಕರ್ನಾಟಕ ಶಿಕ್ಷಣ ಕಾಯ್ದೆ, 1983ರಲ್ಲೇ ರ‍್ಯಾಗಿಂಗ್ ಅಪರಾಧ. 2009ರ ಮಾರ್ಚ್‌ನಲ್ಲಿ ಹಿಮಾಚಲ ಪ್ರದೇಶದ ವೈದ್ಯಕೀಯ ಕಾಲೇಜೊಂದರಲ್ಲಿ ಹಿರಿಯ ವಿದ್ಯಾರ್ಥಿಗಳ ಹೊಡೆತಕ್ಕೆ ಅಮನ್ ಕಚ್ರೂ ಎಂಬ ವಿದ್ಯಾರ್ಥಿ ಬಲಿಯಾದ ಬಳಿಕ, ಅದೇ ವರ್ಷ ಯುಜಿಸಿ ದೇಶಕ್ಕೆಲ್ಲ ಅನ್ವಯಿಸುವ ವಿನಿಯಮ ತಂದಿತು. ಅದರಂತೆ ವಿದ್ಯಾರ್ಥಿಯೂ ಪೋಷಕರೂ ಮುಚ್ಚಳಿಕೆ ಬರೆದುಕೊಡಬೇಕು. ತಪ್ಪು ಸಾಬೀತಾದರೆ ವಿದ್ಯಾರ್ಥಿವೇತನ ತಡೆಹಿಡಿಯುವುದರಿಂದ ಹಿಡಿದು ಕಾಲೇಜಿನಿಂದ ಹೊರಹಾಕುವವರೆಗೆ ಶಿಕ್ಷೆಯಿದೆ. ಮಾಡಿದವರು ಯಾರೆಂದು ಗೊತ್ತಾಗದಿದ್ದರೆ ಸಾಮೂಹಿಕ ದಂಡನೆಗೂ ಅವಕಾಶವಿದೆ. ಎದುರಿನ ಬದಿಗೆ ರ‍್ಯಾಗಿಂಗ್ ವಿರೋಧಿ ಸಮಿತಿ, ಕಾಲೇಜಿನೊಳಗೆ ಸುತ್ತಾಡುವ ತಂಡ, ಹಗಲಿರುಳು ಲಭ್ಯವಿರುವ ಸಹಾಯವಾಣಿ 1800-180-5522 ಮತ್ತು ಆರು ಹೊಸ ವಿದ್ಯಾರ್ಥಿಗಳಿಗೆ ಒಬ್ಬ ಮಾರ್ಗದರ್ಶಿ ಇರಬೇಕೆಂಬ ವ್ಯವಸ್ಥೆ. 2016ರ ತಿದ್ದುಪಡಿಯು ಜಾತಿ, ಧರ್ಮ, ಬಣ್ಣ, ಹುಟ್ಟಿದ ಊರು, ವಾಸಸ್ಥಳ, ಆರ್ಥಿಕ ಸ್ಥಿತಿ, ಭಾಷೆಯ ಕಾರಣಕ್ಕೆ ಹೀಯಾಳಿಸುವುದನ್ನೂ ಗುಂಪಿನಿಂದ ದೂರವಿಡುವುದನ್ನೂ ರ‍್ಯಾಗಿಂಗ್ ಎಂದೇ ಪರಿಗಣಿಸುತ್ತದೆ. "ಇಂಗ್ಲಿಷ್ ಬರಲ್ಲ ಅಂತ ಆಡ್ಕೊಂಡ್ರೂ ಸೇರುತ್ತಾ ಮಿಸ್?" ಎಂದು ಒಬ್ಬಳು ಕೇಳಿದಳು. ಭಾಷೆಯನ್ನು ಗುರಿಯಾಗಿಸಿ ಮಾನಸಿಕವಾಗಿ ಹಿಂಸಿಸಿದರೆ ಸೇರುತ್ತದೆ ಎಂದಾಗ ತರಗತಿಯಲ್ಲಿ ಗುಸುಗುಸು ಎದ್ದಿತು. ಈ ಭಯವನ್ನು ಅವರು ಚೀಟಿಯಲ್ಲೂ ಬರೆದಿರಲಿಲ್ಲ.

ನಾಲ್ಕನೆಯ ಜೋಡಿ, ಘನತೆಯ ನಡವಳಿಕೆ ಮತ್ತು ಆಂತರಿಕ ಸಮಿತಿ. ಯಾರ ಫೋಟೊವನ್ನೂ ಅನುಮತಿಯಿಲ್ಲದೆ ತೆಗೆಯಬಾರದು, ಹಂಚಬಾರದು, ಬೇಡವೆಂದವರ ಹಿಂದೆ ಬೀಳಬಾರದು. ಇದನ್ನು ಹುಡುಗರು ಹುಡುಗಿಯರು ಒಟ್ಟಿಗೆ ಕುಳಿತೇ ಕೇಳಬೇಕೆಂದು ಪ್ರತ್ಯೇಕ ತರಗತಿ ಮಾಡಲಿಲ್ಲ. ಲೈಂಗಿಕ ಕಿರುಕುಳದ ದೂರುಗಳಿಗಾಗಿ 2013ರ ಕಾಯ್ದೆ ಮತ್ತು 2015ರ ಯುಜಿಸಿ ವಿನಿಯಮದಂತೆ ಪ್ರತಿ ಕಾಲೇಜಿನಲ್ಲೂ ಆಂತರಿಕ ಸಮಿತಿ ಇರಬೇಕು. ಘಟನೆಯಾದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು, 90 ದಿನಗಳಲ್ಲಿ ವಿಚಾರಣೆ ಮುಗಿಯಬೇಕು. ತುರ್ತಿಗೆ 112, ಮಹಿಳಾ ಸಹಾಯವಾಣಿ 181.

ಐದನೆಯ ಜೋಡಿ, ಪರೀಕ್ಷೆಯ ಶಿಸ್ತು ಮತ್ತು ಮನಸ್ಸಿನ ಆರೈಕೆ. ನಕಲು ಮಾಡಬಾರದು ಎಂಬುದಕ್ಕೆ ವಿವರಣೆ ಬೇಕಿರಲಿಲ್ಲ. ಆದರೆ ಫೇಲಾದರೆ ಎಲ್ಲ ಮುಗಿಯಿತು ಎಂಬ ಹೆದರಿಕೆಯೇ ಎಷ್ಟೋ ಸಲ ನಕಲಿನ ದಾರಿಗೆ ಎಳೆಯುತ್ತದೆ. ಆದ್ದರಿಂದ ಎದುರಿಗೆ ಪರಿಹಾರ ಬೋಧನೆ, ಮರುಮೌಲ್ಯಮಾಪನ, ಉಳಿದ ವಿಷಯವನ್ನು ಮತ್ತೆ ಬರೆಯುವ ಅವಕಾಶ ಎಂದು ಬರೆದೆವು. ಕಣ್ಣು ಕಾಣದ, ಕೈ ಬರೆಯಲಾಗದ ಅರ್ಹ ವಿದ್ಯಾರ್ಥಿಗೆ ಬರಹಗಾರರ ನೆರವು ಮತ್ತು ಗಂಟೆಗೆ 20 ನಿಮಿಷದಂತೆ ಹೆಚ್ಚುವರಿ ಸಮಯ ಸಿಗುತ್ತದೆ. ನಿದ್ದೆ ಬಾರದಷ್ಟು ಚಿಂತೆ, ಬದುಕೇ ಬೇಡವೆನಿಸುವ ಬೇಸರ ಬಂದರೆ ಟೆಲಿ ಮಾನಸ್ 14416. ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿ 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆ ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಈ ಸಂಖ್ಯೆಯನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಎಲ್ಲರಿಂದಲೂ ಬರೆಯಿಸಿದೆ.

ವಿಸ್ತರಣೆ: ಕೇಳಿದರೆ ಹೆಸರು ಕೆಡುವುದಿಲ್ಲವೇ?

ಎರಡನೆಯ ಅವಧಿಗೆ ಸನ್ನಿವೇಶ ಕಾರ್ಡುಗಳನ್ನು ಗುಂಪುಗಳಿಗೆ ಕೊಟ್ಟೆ. ಜಾವಗಲ್ ಕಡೆಯಿಂದ ಬರುವ ವಿದ್ಯಾರ್ಥಿನಿಗೆ ಮೊದಲ ಅವಧಿ ತಪ್ಪುತ್ತಿದೆ. ವಿದ್ಯಾರ್ಥಿವೇತನ ಬಂದಿಲ್ಲ, ಶುಲ್ಕದ ಗಡುವು ನಾಳೆ. ಹಾಸ್ಟೆಲ್‌ನಲ್ಲಿ ಸೀನಿಯರ್‌ಗಳು ಬಟ್ಟೆ ಒಗೆಯಲು ಹೇಳುತ್ತಾರೆ. ಕೊನೆಯ ಕಾರ್ಡು ಬೇರೆ ಥರದ್ದು: ನೀವೀಗ ಎರಡನೇ ವರ್ಷ, ನಿಮ್ಮ ಗೆಳೆಯರು ಹೊಸಬನೊಬ್ಬನನ್ನು ಕರೆದು ಹಾಡಿಸೋಣ ಎನ್ನುತ್ತಿದ್ದಾರೆ, ನೀವೇನು ಮಾಡುತ್ತೀರಿ? ಇಂದು ರಕ್ಷಣೆ ಕೇಳುವವರು ಮುಂದಿನ ವರ್ಷ ಹಿರಿಯರಾಗುತ್ತಾರೆ, ಆದ್ದರಿಂದ ಈ ಕಾರ್ಡು ಎಲ್ಲ ಗುಂಪಿಗೂ ಕಡ್ಡಾಯ. "ತಮಾಷೆಗೆ ತಾನೆ" ಎಂದು ಶುರುವಾದ ಚರ್ಚೆ, ಹಾಡಬೇಕಾದವನ ಜಾಗದಲ್ಲಿ ತಮ್ಮ ತಮ್ಮನನ್ನು ನಿಲ್ಲಿಸಿ ನೋಡಿ ಎಂದಾಗ ದಾರಿ ಬದಲಿಸಿತು.

ಆಗಲೇ ಪಾಠದ ಅತಿ ಮುಖ್ಯ ಪ್ರಶ್ನೆ ಬಂತು. "ಮಿಸ್, ಕಂಪ್ಲೇಂಟ್ ಕೊಟ್ರೆ ಇಂಟರ್ನಲ್ಸ್ ಕಡಿಮೆ ಹಾಕಲ್ವಾ? ಹೆಸರು ಕೆಡಲ್ವಾ?" ಸಮಿತಿ ಎಷ್ಟಿದ್ದರೂ ಈ ಭಯ ಇರುವವರೆಗೆ ಬಲಬದಿಯ ಪಟ್ಟಿ ಹಲಗೆಯ ಮೇಲೇ ಉಳಿಯುತ್ತದೆ. ಹಾಗಾಗುವುದೇ ಇಲ್ಲ ಎಂದು ಭರವಸೆ ಕೊಡುವ ಅಧಿಕಾರ ನನಗಿಲ್ಲ. ಇರುವ ಆಧಾರಗಳನ್ನು ತೋರಿಸಿದೆ. ರ‍್ಯಾಗಿಂಗ್ ಬಗ್ಗೆ ತಿಳಿಸಿದವರ ಗುರುತನ್ನು ಕಾಪಾಡಬೇಕು, ತಿಳಿಸಿದ ಕಾರಣಕ್ಕೆ ಅವರಿಗೆ ತೊಂದರೆಯಾಗಬಾರದು ಎಂದು 2009ರ ವಿನಿಯಮದಲ್ಲೇ ಇದೆ. ಕಂಡವರೂ ತಿಳಿಸಬಹುದು, ನೊಂದವರೇ ಆಗಬೇಕಿಲ್ಲ. ಉಳಿದ ದೂರುಗಳಿಗೆ ಯುಜಿಸಿಯ 2023ರ ವಿನಿಯಮದಂತೆ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ಅದು 15 ಕೆಲಸದ ದಿನಗಳಲ್ಲಿ ವರದಿ ನೀಡಬೇಕು, ತೃಪ್ತಿಯಾಗದಿದ್ದರೆ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್‌ಗೆ 15 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಒಬ್ಬರೇ ಹೋಗಬೇಕೆಂದಿಲ್ಲ, ನಂಬಿಕೆಯ ಅಧ್ಯಾಪಕರನ್ನೋ ಪೋಷಕರನ್ನೋ ಜೊತೆಗೆ ಕರೆದುಕೊಂಡು ಹೋಗಿ ಎಂದೆ.

ಬಾಯಿಮಾತಿನ ದೂರು ಜಗಳದಂತೆ ಕೇಳಿಸುತ್ತದೆ, ಬರೆದ ಅರ್ಜಿ ಕಾಗದಪತ್ರವಾಗುತ್ತದೆ. ಆದ್ದರಿಂದ ಉಳಿದ ಸಮಯವನ್ನು ಬರವಣಿಗೆಗೇ ಕೊಟ್ಟೆ. ಜಾವಗಲ್ ಕಾರ್ಡಿನ ಗುಂಪು ತಿದ್ದಿ ಬರೆದ ಅರ್ಜಿ ಹೀಗಿತ್ತು:

"ಮಾನ್ಯರೇ, ನಾನು ಪ್ರಥಮ ಬಿ.ಎಸ್ಸಿ. ವಿದ್ಯಾರ್ಥಿನಿ. ಈ ತಿಂಗಳ 3ರಿಂದ ನಮ್ಮ ಕಡೆಯ ಬೆಳಗಿನ ಬಸ್ಸು ಅರ್ಧ ಗಂಟೆ ತಡವಾಗಿ ಬರುತ್ತಿರುವುದರಿಂದ ಮೊದಲನೇ ಅವಧಿಗೆ ಹಾಜರಾಗಲು ಆಗುತ್ತಿಲ್ಲ. ಬಸ್ಸಿನ ಸಮಯ ಸರಿಪಡಿಸುವಂತೆ ಕಾಲೇಜಿನಿಂದ ಡಿಪೋಗೆ ಪತ್ರ ಬರೆಯಬೇಕೆಂದೂ ಅಲ್ಲಿಯವರೆಗೆ ನನ್ನ ಹಾಜರಾತಿಯ ವಿಷಯವನ್ನು ಪರಿಶೀಲಿಸಬೇಕೆಂದೂ ಕೋರುತ್ತೇನೆ."

ನಡೆದದ್ದೇನು, ಯಾವ ದಿನದಿಂದ, ಬೇಕಾದದ್ದೇನು ಎಂಬ ಮೂರು ಪ್ರಶ್ನೆಗೆ ಉತ್ತರ ಇದ್ದರೆ ಅರ್ಜಿ ಸರಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಂಡು ಇಟ್ಟುಕೊಳ್ಳಬೇಕು. ಯಾರನ್ನೂ ಬೈಯದೆ ಬರೆದ ಈ ಅರ್ಜಿಯನ್ನು ಓದಿದ ಹುಡುಗಿ "ಇಷ್ಟೇನಾ?" ಎಂದಳು. ನಡವಳಿಕೆಯ ಪಾಠವೂ ಅದರೊಳಗೇ ಇತ್ತು. ಕೇಳುವ ಹಕ್ಕನ್ನು ಗೌರವದ ಮಾತಿನಲ್ಲಿ ಬಳಸುವುದೂ ಶಿಸ್ತೇ.

ಮೌಲ್ಯಮಾಪನ

ಕೊನೆಯ ಐದು ನಿಮಿಷ ಮೊದಲಿನ ಎರಡನೇ ಪ್ರಶ್ನೆಯನ್ನೇ ಮತ್ತೆ ಚೀಟಿಯಲ್ಲಿ ಕೇಳಿದೆ. ಈ ಸಲ ಹೆಚ್ಚಿನ ಚೀಟಿಗಳಲ್ಲಿ ಸಮಿತಿಯ ಹೆಸರೋ ಸಹಾಯವಾಣಿಯ ಸಂಖ್ಯೆಯೋ ಇತ್ತು. ಒಬ್ಬನು "ಮೊದ್ಲು ಅಣ್ಣಂಗೆ ಹೇಳ್ತೀನಿ, ಆಮೇಲೆ ಪ್ರಿನ್ಸಿಪಾಲ್‌ಗೆ ಅರ್ಜಿ" ಎಂದು ಬರೆದಿದ್ದ. ಅದನ್ನೂ ಸರಿ ಉತ್ತರವೆಂದೇ ಪರಿಗಣಿಸಿದೆ. ಮನೆಯವರ ನೆರವು ಬಿಟ್ಟು ಕಚೇರಿಯ ನೆರವು ಹಿಡಿಯಿರಿ ಎಂಬುದು ನಮ್ಮ ಉದ್ದೇಶವಲ್ಲ.

ಮನೆಗೆಲಸವಾಗಿ, ಪರಿಚಯದ ಪದವಿ ವಿದ್ಯಾರ್ಥಿಯೊಬ್ಬರನ್ನು ಕಂಡು ಅವರ ಕಾಲೇಜಿನ ಸೂಚನಾ ಫಲಕದಲ್ಲಿ ಈ ಸಮಿತಿಗಳ ಸದಸ್ಯರ ಹೆಸರು, ಫೋನ್ ಸಂಖ್ಯೆ ಇವೆಯೇ ಎಂದು ಕೇಳಿಕೊಂಡು ಬರಲು ಹೇಳಿದೆ. ಇವೆ ಎಂದವರೂ ಇದ್ದರು, ಹೆಸರಿದೆ ಸಂಖ್ಯೆಯಿಲ್ಲ ಎಂದವರೂ ಇದ್ದರು. "ಅಣ್ಣ ಮೂರು ವರ್ಷದಿಂದ ಓದ್ತಾ ಇದಾನೆ, ಆ ಬೋರ್ಡ್ ನೋಡೇ ಇಲ್ವಂತೆ" ಎಂದು ಒಬ್ಬಳು ತಂದ ಉತ್ತರ ಈ ಪಾಠದ ಅಗತ್ಯವನ್ನು ಎಲ್ಲಕ್ಕಿಂತ ಚೆನ್ನಾಗಿ ಹೇಳಿತು.

ಬೇಲೂರು ಮತ್ತು ಅರಸೀಕೆರೆಯಲ್ಲಿ

ಇದೇ ಯೋಜನೆಯನ್ನು ನನ್ನ ಸಹಪಾಠಿಗಳಿಬ್ಬರು ತಮ್ಮ ಅಭ್ಯಾಸ ಶಾಲೆಗಳಲ್ಲಿ ಬಳಸಿದರು. ಬೇಲೂರಿನ ತರಗತಿಯಲ್ಲಿ ಕಾಫಿ ತೋಟಗಳಲ್ಲಿ ದುಡಿಯುವವರ ಮಕ್ಕಳಿದ್ದರು. ಅಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಎರಡನೆಯ ಜೋಡಿ: ಆದಾಯ ಪ್ರಮಾಣಪತ್ರಕ್ಕೆ ಯಾವ ದಾಖಲೆ, ವಿಳಾಸ ಬದಲಾದರೆ ಏನು ಎಂಬ ಪ್ರಶ್ನೆಗಳು. ಸಹಪಾಠಿಯು ಪೀಠಿಕೆಗೆ ಚೆನ್ನಕೇಶವ ದೇವಾಲಯವನ್ನು ಬಳಸಿಕೊಂಡರು.

ಅರಸೀಕೆರೆಯದು ಬೆಂಗಳೂರು, ಹುಬ್ಬಳ್ಳಿ, ಹಾಸನದ ರೈಲುಗಳು ಕೂಡುವ ಜಂಕ್ಷನ್. ಅಲ್ಲಿನ ಮಕ್ಕಳ ಕಣ್ಣು ದೂರದ ಊರಿನ ಕಾಲೇಜುಗಳ ಮೇಲಿತ್ತು. ಹಾಸ್ಟೆಲ್ ಜೀವನ, ಮೂಲ ಪ್ರಮಾಣಪತ್ರ, ಭಾಷೆಯ ಹೀಯಾಳಿಕೆ ಅವರ ಚರ್ಚೆಯ ವಿಷಯಗಳಾದವು. ಪೀಠಿಕೆ ರೈಲು ನಿಲ್ದಾಣದ್ದು: ಟಿಕೆಟ್ ಇಲ್ಲದಿದ್ದರೆ ದಂಡ ಎಂಬ ಫಲಕ, ಪಕ್ಕದಲ್ಲೇ ವಿಚಾರಣೆ ಕೌಂಟರು. ಊರು ಬದಲಾದಂತೆ ಪೀಠಿಕೆಯೂ ಒತ್ತು ಕೊಡಬೇಕಾದ ಜೋಡಿಯೂ ಬದಲಾಗುತ್ತವೆ, ಎರಡು ಬದಿಯ ಹಲಗೆ ಮಾತ್ರ ಹಾಗೇ ಉಳಿಯುತ್ತದೆ.

ಪ್ರಶಿಕ್ಷಣಾರ್ಥಿ ಮಿತ್ರರಿಗೆ

ಈ ಪಾಠ ತೆಗೆದುಕೊಳ್ಳುವವರಿಗೆ ನಾಲ್ಕು ಸಲಹೆಗಳು. ಐದಕ್ಕಿಂತ ಹೆಚ್ಚು ಜೋಡಿ ಬೇಡ, ಪಟ್ಟಿ ಉದ್ದವಾದಷ್ಟೂ ನೆನಪು ಕಡಿಮೆ. ಸಹಾಯವಾಣಿಯ ಸಂಖ್ಯೆಗಳನ್ನು ಪಾಠದ ಹಿಂದಿನ ದಿನ ಸ್ವತಃ ಕರೆ ಮಾಡಿ ಖಚಿತಪಡಿಸಿಕೊಳ್ಳಿ. ಯಾವ ವಿದ್ಯಾರ್ಥಿಯ ಸ್ವಂತ ಅನುಭವವನ್ನೂ ತರಗತಿಯಲ್ಲಿ ಹೇಳಿಸಬೇಡಿ, ಕಾರ್ಡಿನ ಕಲ್ಪಿತ ಸನ್ನಿವೇಶ ಸಾಕು. ಪಾಠದ ನಂತರ ಯಾರಾದರೂ ಒಬ್ಬರೇ ಬಂದು ಮಾತನಾಡಿದರೆ ಕೇಳಿಸಿಕೊಳ್ಳಿ, ಗಂಭೀರವೆನಿಸಿದರೆ ಅದೇ ದಿನ ಮಾರ್ಗದರ್ಶಕ ಶಿಕ್ಷಕರಿಗೆ ತಿಳಿಸಿ.

ಒಂದು ಮಾತು ನಮ್ಮ ಬಗ್ಗೆಯೇ. ಬಿ.ಇಡಿ.ಯಲ್ಲಿ ನಮಗೂ ತರಗತಿಗಳಿಗೆ ಶೇ. 80, ಇಂಟರ್ನ್‌ಶಿಪ್‌ಗೆ ಶೇ. 90 ಹಾಜರಾತಿಯ ನಿಯಮವಿದೆ. ಅದನ್ನು ಬಾಯಿಪಾಠ ಹೇಳಬಲ್ಲ ನಮ್ಮಲ್ಲಿ ಎಷ್ಟು ಮಂದಿಗೆ ನಮ್ಮ ಮಹಾವಿದ್ಯಾಲಯದ ಕುಂದುಕೊರತೆ ಸಮಿತಿಯ ಸದಸ್ಯರ ಹೆಸರು ಗೊತ್ತು? ಬರುವ ಸೆಮಿಸ್ಟರ್‌ನ ಅಭಿವಿನ್ಯಾಸ ಕಾರ್ಯಕ್ರಮದಲ್ಲಿ ಹೊಸ ಪ್ರಶಿಕ್ಷಣಾರ್ಥಿಗಳಿಗೆ ಇದೇ ಎರಡು ಬದಿಯ ಹಲಗೆಯನ್ನು ಬರೆಯಿಸಬಹುದೆಂದು ಉಪನ್ಯಾಸಕರಲ್ಲಿ ವಿನಂತಿಸುತ್ತೇನೆ. ಎಡಬದಿ ಬೇಗ ತುಂಬುತ್ತದೆ. ಬಲಬದಿ ತುಂಬಲು ಎಷ್ಟು ಹೊತ್ತಾಗುತ್ತದೆ ಎಂಬುದನ್ನು ಗಮನಿಸಿದರೆ ಕೆಲಸ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುತ್ತದೆ.